‘ತೆಗೆ’ ಅಂದರೆ ಯಾವ ತೆಗೆ? ಸಾಫ್ಟ್‌ವೇರ್ ಡಾಕ್ಸ್‌ನಲ್ಲಿ ಹುಡುಕುವ ಬಗೆ

"ಅಕ್ಕಾ, ಇದು ಡಾಕ್ಸ್‌ನಲ್ಲಿ ಇಲ್ವೇ ಇಲ್ಲ. ಅರ್ಧ ಗಂಟೆಯಿಂದ ಹುಡುಕ್ತಾ ಇದ್ದೀನಿ."

ನಮ್ಮ ತಂಡಕ್ಕೆ ಆಗಷ್ಟೇ ಸೇರಿದ್ದ ಹುಡುಗಿ ಹೀಗೆ ಹೇಳಿದಳು. ಹೋಗಿ ಅವಳ ಪಕ್ಕ ಕೂತೆ. ಪರದೆಯ ಮೇಲೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಅಧಿಕೃತ ಡಾಕ್ಯುಮೆಂಟೇಶನ್, ಅಂದರೆ ಬಳಕೆಯ ಕೈಪಿಡಿ, ತೆರೆದಿತ್ತು. ಕೆಲಸದ ಜಾಗದಲ್ಲಿ ಅದನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಡಾಕ್ಸ್ ಅಂದರೆ ಮುಗಿಯಿತು. ಸರ್ಚ್ ಬಾಕ್ಸಿನಲ್ಲಿ ಒಂದು ಉದ್ದದ ಇಂಗ್ಲಿಷ್ ಪ್ರಶ್ನೆ ಇತ್ತು. ಸ್ಟ್ರಿಂಗಿನ (ಅಂದರೆ ಅಕ್ಷರ, ಅಂಕಿ, ಚಿಹ್ನೆಗಳ ಸಾಲಿನ) ಮೊದಲ ಭಾಗವನ್ನು ತೆಗೆಯುವುದು ಹೇಗೆ ಅಂತ. ಕೆಳಗೆ ಬಂದಿದ್ದ ಪುಟಗಳಲ್ಲಿ ಒಂದೂ ಅವಳ ಕೆಲಸಕ್ಕೆ ಬರುವಂತಿರಲಿಲ್ಲ.

ಕೆಲಸ ದೊಡ್ಡದೇನಲ್ಲ. ಗ್ರಾಹಕರ ಮೊಬೈಲ್ ನಂಬರುಗಳ ಪಟ್ಟಿ. ಎಲ್ಲ ನಂಬರಿನ ಮುಂದೆಯೂ +91 ಇದೆ. ಅದನ್ನು ತೆಗೆದು ಹತ್ತು ಅಂಕಿ ಮಾತ್ರ ಉಳಿಸಬೇಕು. ಎಲ್ಲೋ ನೋಡಿದ್ದ ಎಲ್‌ಸ್ಟ್ರಿಪ್ ಅನ್ನುವ ಫಂಕ್ಷನ್ ಅನ್ನು, ಅಂದರೆ ಒಂದು ಕೆಲಸ ಮಾಡಿಕೊಡುವ ಸಿದ್ಧ ಕೋಡನ್ನು, ಅವಳು ಬಳಸಿದ್ದಳು. 7 ಅಥವಾ 8ರಿಂದ ಶುರುವಾಗುವ ನಂಬರುಗಳು ಸರಿಯಾಗಿಯೇ ಬಂದವು. 9ರಿಂದ ಶುರುವಾಗುವವು ಮಾತ್ರ ಮೊಟಕಾಗಿ ಬಂದವು. ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ.

ಉತ್ತರ ಡಾಕ್ಸ್‌ನಲ್ಲಿ ಇತ್ತು. ಎಲ್‌ಸ್ಟ್ರಿಪ್‌ನ ವಿವರಣೆಯ ಒಳಗೇ ಇತ್ತು. ಆದರೆ ಅಲ್ಲಿ ಅದಕ್ಕೆ ಬಳಸಿದ ಪದ ‘ಪ್ರಿಫಿಕ್ಸ್’. ಅವಳು ಹುಡುಕಿದ್ದು ‘ಮೊದಲ ಭಾಗ’. ಎರಡೂ ಒಂದೇ ಸಂಗತಿ, ಆದರೆ ಸರ್ಚ್ ಬಾಕ್ಸಿಗೆ ಅದು ಗೊತ್ತಿಲ್ಲ.

"ನನ್ನ ಇಂಗ್ಲಿಷ್ ಸರಿ ಇಲ್ಲ ಅಕ್ಕಾ, ಅದಕ್ಕೇ ಸಿಗಲ್ಲ" ಅಂದಳು. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಈ ಮಾತು ಹೇಳುವುದನ್ನು ಕೇಳಿದ್ದೇನೆ. ಪ್ರತಿ ಸಲವೂ ಮನಸ್ಸಿಗೆ ಬೇಜಾರಾಗುತ್ತದೆ. ಯಾಕೆಂದರೆ ಅದು ನಿಜವಲ್ಲ. ಇಂಗ್ಲಿಷ್ ಮನೆಮಾತಾಗಿರುವವರೂ ಇದೇ ಜಾಗದಲ್ಲಿ ಎಡವುತ್ತಾರೆ. ಡಾಕ್ಸ್‌ನಲ್ಲಿ ಹುಡುಕುವುದು ಅಂದರೆ ಬಹುಪಾಲು, ನಮ್ಮ ಮನಸ್ಸಿನಲ್ಲಿರುವ ಸಂಗತಿಗೆ ಬರೆದವರು ಇಟ್ಟ ಹೆಸರು ಯಾವುದು ಅಂತ ಪತ್ತೆ ಮಾಡುವುದು. ಆ ಪದ ಸಿಕ್ಕಿದ ಮೇಲೆ ಉಳಿದದ್ದು ಒಂದು ನಿಮಿಷದ ಕೆಲಸ.

ಸರ್ಚ್ ಬಾಕ್ಸಿನ ಒಳಗೆ ಏನಾಗುತ್ತದೆ

ಹಳೆಯ ಪಠ್ಯಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದೆ, ನೋಡಿದ್ದೀರಲ್ವಾ? ಪದ, ಅದರ ಮುಂದೆ ಪುಟಗಳ ಸಂಖ್ಯೆ. ಡಾಕ್ಸ್‌ನ ಸರ್ಚ್ ಕೂಡ ಹೆಚ್ಚುಕಡಿಮೆ ಅದೇ. ಯಂತ್ರ ಮೊದಲೇ ಎಲ್ಲ ಪುಟಗಳನ್ನೂ ಓದಿ, ಯಾವ ಪದ ಯಾವ ಪುಟದಲ್ಲಿದೆ ಅಂತ ಒಂದು ಪಟ್ಟಿ ಮಾಡಿ ಇಟ್ಟಿರುತ್ತದೆ. ನೀವು ಟೈಪ್ ಮಾಡಿದಾಗ ಅದು ಪುಟಗಳನ್ನು ಓದುವುದಿಲ್ಲ, ಆ ಪಟ್ಟಿಯನ್ನು ನೋಡುತ್ತದೆ.

ಪೈಥಾನ್ ಡಾಕ್ಸ್ ತಯಾರಾಗುವುದು ಸ್ಫಿಂಕ್ಸ್ ಅನ್ನುವ ಸಾಧನದಿಂದ. ಪೈಥಾನ್ ಡಾಕ್ಸ್‌ಗೆಂದೇ ಗೇಯೋರ್ಗ್ ಬ್ರಾಂಡ್ಲ್ ಅದನ್ನು ಕಟ್ಟಿದರು, 2008ರಲ್ಲಿ ಎಲ್ಲರಿಗೂ ಸಿಗುವಂತೆ ಬಿಟ್ಟರು. ಈಗ ಅಸಂಖ್ಯಾತ ಸಾಫ್ಟ್‌ವೇರ್‌ಗಳ ಡಾಕ್ಸ್ ಅದರಲ್ಲೇ ತಯಾರಾಗುತ್ತವೆ. ಹಾಗಾಗಿ ಸ್ಫಿಂಕ್ಸ್‌ನ ಸರ್ಚ್ ಹೇಗೆ ಯೋಚಿಸುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ನೂರಾರು ಕಡೆ ಉಪಯೋಗಕ್ಕೆ ಬರುತ್ತದೆ.

ಸ್ಫಿಂಕ್ಸ್‌ನ ಸರ್ಚ್ ನಡೆಯುವುದು ದೂರದ ಯಾವುದೋ ಸರ್ವರಿನಲ್ಲಿ ಅಲ್ಲ. ಆ ಪದಗಳ ಪಟ್ಟಿ ಪೂರ್ತಿಯಾಗಿ ನಿಮ್ಮ ಬ್ರೌಸರಿಗೇ ಇಳಿದು ಬರುತ್ತದೆ, ಹುಡುಕಾಟ ನಿಮ್ಮ ಕಂಪ್ಯೂಟರಿನಲ್ಲೇ ಆಗುತ್ತದೆ. ಅದು ಗೂಗಲ್ ಹಾಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದಿಲ್ಲ. ಸಮಾನಾರ್ಥ ಪದ ಗೊತ್ತಿಲ್ಲ. ಉದ್ಧರಣ ಚಿಹ್ನೆ ಹಾಕಿ ಇಡೀ ವಾಕ್ಯ ಕೊಟ್ಟರೂ ಅದನ್ನು ಬಿಡಿ ಪದಗಳಾಗಿ ಒಡೆದುಕೊಳ್ಳುತ್ತದೆ.

ಇನ್ನೊಂದು ಮುಖ್ಯ ನಿಯಮ ಇದೆ. ನೀವು ಕೊಟ್ಟ ಪದಗಳೆಲ್ಲವೂ ಇರುವ ಪುಟ ಮಾತ್ರ ಫಲಿತಾಂಶದಲ್ಲಿ ಬರುತ್ತದೆ. ಐದು ಪದ ಕೊಟ್ಟು, ನಾಲ್ಕು ಮಾತ್ರ ಇದ್ದರೆ ಆ ಪುಟ ಹೊರಗೆ. ಈಗ ನಮ್ಮ ಹುಡುಗಿಯ ಉದ್ದದ ಪ್ರಶ್ನೆ ನೆನಪಿಸಿಕೊಳ್ಳಿ. ಹೇಗೆ, ತೆಗೆ, ಮೊದಲ, ಭಾಗ, ಸ್ಟ್ರಿಂಗ್ ಇವೆಲ್ಲಕ್ಕೂ ಇಂಗ್ಲಿಷ್ ಪದ ಒಂದೇ ಪುಟದಲ್ಲಿ ಇರಬೇಕು. ಅಂಥ ಪುಟ ಯಾವುದಿರುತ್ತದೆ? ತುಂಬಾ ಉದ್ದದ ಪುಟ. ಚೇಂಜ್‌ಲಾಗ್, ಹೊಸ ಆವೃತ್ತಿಯಲ್ಲಿ ಏನೇನು ಬದಲಾಯಿತು ಅನ್ನುವ ಪುಟ, ಇಂಥವು. ಅವುಗಳಲ್ಲಿ ಎಲ್ಲದರ ಬಗ್ಗೆಯೂ ಒಂದೊಂದು ಸಾಲು ಇರುವುದರಿಂದ ಹೆಚ್ಚುಕಡಿಮೆ ಎಲ್ಲ ಪದವೂ ಸಿಗುತ್ತದೆ. ಅವಳಿಗೆ ಬಂದದ್ದೂ ಅವೇ. ಪದ ಜಾಸ್ತಿ ಕೊಟ್ಟಷ್ಟೂ ಉತ್ತರ ನಿಖರವಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಪದ ಜಾಸ್ತಿ ಆದಷ್ಟೂ ಬೇಕಾದ ಪುಟ ದೂರ ಹೋಗುತ್ತದೆ. ಒಂದು ಪದ, ಹೆಚ್ಚೆಂದರೆ ಎರಡು. ಅಷ್ಟು ಸಾಕು.

ಶೀರ್ಷಿಕೆಗೆ ಇಲ್ಲಿ ಬೆಲೆ ಹೆಚ್ಚು. ಪದ ಶೀರ್ಷಿಕೆಯಲ್ಲಿ ಸಿಕ್ಕರೆ ಸ್ಫಿಂಕ್ಸ್ 15 ಅಂಕ ಕೊಡುತ್ತದೆ, ಪುಟದ ಒಳಗೆ ಸುಮ್ನೆ ಸಿಕ್ಕರೆ 5. ಫಂಕ್ಷನ್ನಿನ ಹೆಸರೇ ಸಿಕ್ಕರೂ ಹೆಚ್ಚು ಅಂಕ. ಹಾಗಾಗಿ ಶೀರ್ಷಿಕೆಯಲ್ಲಿ ಇರಬಹುದಾದ ಪದ ಯಾವುದು ಅಂತ ಯೋಚಿಸಿ ಹುಡುಕಿ. ಶೀರ್ಷಿಕೆಗಳಲ್ಲಿ ‘ಹೇಗೆ’ ‘ಬರ್ತಾ ಇಲ್ಲ’ ‘ಬೇಕು’ ಇರುವುದು ಕಡಿಮೆ. ಅಲ್ಲಿ ಇರುವುದು ವಸ್ತುಗಳ ಹೆಸರು.

ಪದದ ರೂಪದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಮರ, ಮರದ, ಮರಕ್ಕೆ, ಮರದಿಂದ ಎಲ್ಲದರ ಬೇರು ಒಂದೇ. ಇಂಗ್ಲಿಷಿನಲ್ಲೂ ಸಾರ್ಟ್, ಸಾರ್ಟೆಡ್, ಸಾರ್ಟಿಂಗ್ ಇವಕ್ಕೆ ಬೇರು ಸಾರ್ಟ್. ಬಾಲ ಕತ್ತರಿಸಿ ಬೇರು ಉಳಿಸುವ ಒಂದು ವಿಧಾನವನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದರು. ಅಂಥದ್ದೇ ಕತ್ತರಿ ಸ್ಫಿಂಕ್ಸ್‌ನಲ್ಲೂ ಇದೆ. ಆದ್ದರಿಂದ ಸರ್ಚ್ ಬಾಕ್ಸಿನಲ್ಲಿ ಪದದ ರೂಪದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಪುಟದ ಒಳಗೆ ಕಂಟ್ರೋಲ್ ಎಫ್ ಒತ್ತಿ ಹುಡುಕುವಾಗ ಆ ಕತ್ತರಿ ಇರುವುದಿಲ್ಲ. ಅಲ್ಲಿ ‘ಸಾರ್ಟಿಂಗ್’ ಅಂತ ಹಾಕಿದರೆ ‘ಸಾರ್ಟೆಡ್’ ಸಿಗುವುದೇ ಇಲ್ಲ. ಬೇರು ಮಾತ್ರ ಹಾಕಿ, ಬಾಲ ಯಾವುದಿದ್ದರೂ ಸಿಗುತ್ತದೆ. ಪೈಥಾನ್‌ನ ಸ್ಟ್ರಿಂಗ್ ಫಂಕ್ಷನ್‌ಗಳು ಇರುವ ಪುಟ ತುಂಬಾ ಉದ್ದ. ಅಲ್ಲಿ ಕಂಟ್ರೋಲ್ ಎಫ್ ಇಲ್ಲದೆ ಗತಿ ಇಲ್ಲ.

ಒಂದು ಕನ್ನಡ ಪದ, ಎಂಟು ಇಂಗ್ಲಿಷ್ ಪದ

ಈಗ ನಿಜವಾದ ತೊಡಕಿಗೆ ಬರೋಣ.

ಕನ್ನಡದಲ್ಲಿ ‘ತೆಗೆ’ ಅನ್ನುವ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಾಗಿಲು ತೆಗೆ. ಕಸ ತೆಗೆ. ಫೋಟೋ ತೆಗೆ. ಬ್ಯಾಂಕಿನಿಂದ ದುಡ್ಡು ತೆಗೆ. ಪಟ್ಟಿಯಿಂದ ಹೆಸರು ತೆಗೆ. ಕೆಲಸದಿಂದ ತೆಗೆದರು. ಪರೀಕ್ಷೆಯಲ್ಲಿ 90 ಅಂಕ ತೆಗೆದ. ಮಾತಿನಲ್ಲಿ ಯಾವ ತೊಂದರೆಯೂ ಇಲ್ಲ, ಎದುರಿಗಿರುವವರಿಗೆ ಸಂದರ್ಭ ನೋಡಿದರೆ ತಿಳಿಯುತ್ತದೆ.

ಪೈಥಾನ್‌ನ ಲಿಸ್ಟ್ (ಪಟ್ಟಿ) ಒಂದರಿಂದ ಏನನ್ನೋ ತೆಗೆಯಬೇಕು ಅಂದುಕೊಳ್ಳಿ. ಇದೇ ಮೌಲ್ಯ ಇರುವುದನ್ನು ತೆಗೆ ಅಂದರೆ ಅದು ರಿಮೂವ್. ಮೊದಲು ಸಿಕ್ಕಿದ್ದನ್ನು ಮಾತ್ರ ತೆಗೆಯುತ್ತದೆ, ಇಲ್ಲದಿದ್ದರೆ ಎರರ್ ಕೊಡುತ್ತದೆ. ಇಷ್ಟನೇ ಜಾಗದಲ್ಲಿರುವುದನ್ನು ತೆಗೆದು ನನ್ನ ಕೈಗೆ ಕೊಡು ಅಂದರೆ ಪಾಪ್. ಆ ಜಾಗದ್ದು ಅಥವಾ ಅಲ್ಲಿಂದ ಇಲ್ಲಿಯವರೆಗಿನದು ಬೇಡ, ಕೈಗೆ ಕೊಡುವುದೂ ಬೇಡ ಅಂದರೆ ಡೆಲ್. ಎಲ್ಲವನ್ನೂ ಖಾಲಿ ಮಾಡು ಅಂದರೆ ಕ್ಲಿಯರ್. ಲಿಸ್ಟ್ ಬದಲು ಸೆಟ್ (ಒಂದೇ ಮೌಲ್ಯ ಎರಡು ಸಲ ಇರದ ಗುಂಪು) ಆಗಿದ್ದರೆ ಅಲ್ಲಿ ಡಿಸ್ಕಾರ್ಡ್ ಅನ್ನುವುದೂ ಇದೆ. ಇದ್ದರೆ ತೆಗೆ, ಇಲ್ಲದಿದ್ದರೆ ಸುಮ್ಮನಿರು ಅಂತ ಅದರ ಅರ್ಥ. ಡೇಟಾಬೇಸ್ ಕಡೆ ಹೋದರೆ ಇನ್ನೂ ಹುಷಾರಾಗಿರಬೇಕು. ಡೇಟಾಬೇಸಿಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಡಿಲೀಟ್ ಅಂದರೆ ಶರತ್ತಿಗೆ ಹೊಂದುವ ಸಾಲುಗಳನ್ನು ತೆಗೆಯುವುದು. ಟ್ರಂಕೇಟ್ ಅಂದರೆ ಟೇಬಲ್ಲಿನ ಎಲ್ಲ ಸಾಲುಗಳನ್ನೂ ಒಟ್ಟಿಗೆ ತೆಗೆಯುವುದು. ಡ್ರಾಪ್ ಅಂದರೆ ಟೇಬಲ್ಲನ್ನೇ ತೆಗೆದುಹಾಕುವುದು. ಅಕ್ಕಿ ತೆಗೆಯುವುದಕ್ಕೂ ಡಬ್ಬಿಯನ್ನೇ ಎಸೆಯುವುದಕ್ಕೂ ಇರುವಷ್ಟು ವ್ಯತ್ಯಾಸ.

ಎಂಟು ಪದ. ನಮ್ಮ ಮನಸ್ಸಿನಲ್ಲಿ ಎಲ್ಲವೂ ‘ತೆಗೆ’. ಹಾಗಾಗಿ ಹುಡುಕುವ ಮೊದಲು ನಾನು ಮಾಡುವುದು ಒಂದೇ ಕೆಲಸ. ‘ತೆಗೆ’ ಅನ್ನುವುದನ್ನು ಕನ್ನಡದಲ್ಲೇ ಬಿಡಿಸಿ ಹೇಳಿಕೊಳ್ಳುತ್ತೇನೆ. ಏನನ್ನು ತೆಗೆಯಬೇಕು? ಎಲ್ಲಿಂದ? ತೆಗೆದದ್ದು ನನಗೆ ಬೇಕೋ ಬೇಡವೋ? ಅಲ್ಲಿ ಅದು ಇಲ್ಲದೇ ಹೋದರೆ ಏನಾಗಬೇಕು? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಇಂಗ್ಲಿಷ್ ಪದ ಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಇದಕ್ಕೆ ಕನ್ನಡದಲ್ಲಿ ಯೋಚಿಸುವುದು ಅಡ್ಡಿಯಲ್ಲ. ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ ಬಿಡಿಸಿಕೊಂಡರೆ ಸಂಗತಿ ತಿಳಿಯಾಗುತ್ತದೆ ಅನ್ನುವುದು ನನ್ನ ಅನುಭವ.

ಇದು ನಮ್ಮೊಬ್ಬರ ತೊಡಕಲ್ಲ ಅಂದೆನಲ್ಲ, ಅದಕ್ಕೆ ಆಧಾರ ಇದೆ. 1987ರಲ್ಲಿ ಜಾರ್ಜ್ ಫರ್ನಾಸ್ ಮತ್ತು ಮೂವರು ಸಂಗಡಿಗರು ಅಮೆರಿಕದಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಒಂದೇ ವಸ್ತುವಿಗೆ, ಒಂದೇ ಕೆಲಸಕ್ಕೆ ಬೇರೆ ಬೇರೆ ಜನ ಯಾವ ಹೆಸರು ಇಡುತ್ತಾರೆ ಅಂತ ನೋಡಿದ್ದರು. ಬರಹ ತಿದ್ದುವ ಕಮಾಂಡುಗಳು, ಅಡುಗೆಯ ರೆಸಿಪಿಗಳು, ಹೀಗೆ ಹಲವು ಬಗೆ. ಇಬ್ಬರು ಒಂದೇ ಪದ ಆರಿಸುವ ಸಾಧ್ಯತೆ ಯಾವ ಬಗೆಯಲ್ಲೂ ಶೇಕಡಾ 20ನ್ನು ಮುಟ್ಟಲಿಲ್ಲ. ಅವರೆಲ್ಲ ಇಂಗ್ಲಿಷ್ ಮಾತಾಡುವವರೇ. ಉಡುಪಿಯಲ್ಲಿ ಗೋಳಿಬಜೆ ಅನ್ನುವುದು ಬೆಂಗಳೂರಿನ ಹೋಟೆಲಿನಲ್ಲಿ ಮಂಗಳೂರು ಬಜ್ಜಿ ಆಗುತ್ತದೆ. ಬೋರ್ಡಿನಲ್ಲಿ ಗೋಳಿಬಜೆ ಹುಡುಕುವವರಿಗೆ ತಿಂಡಿ ಇಲ್ಲ ಅನ್ನಿಸುತ್ತದೆ. ತಿಂಡಿ ಎಣ್ಣೆಯಲ್ಲಿ ಬೇಯುತ್ತಲೇ ಇರುತ್ತದೆ.

ಪದ ಸಿಗುವ ಜಾಗಗಳು

ಸರ್ಚ್ ಬಾಕ್ಸ್ ಕೈಕೊಟ್ಟಾಗ ಅನೇಕರು ಡಾಕ್ಸ್ ಬಿಟ್ಟು ಹೊರಗೆ ಹೋಗುತ್ತಾರೆ. ಅದಕ್ಕೆ ಮುಂಚೆ ಡಾಕ್ಸ್‌ನ ಮುಖಪುಟಕ್ಕೆ ಒಮ್ಮೆ ಹೋಗಿ. ಪೈಥಾನ್ ಡಾಕ್ಸ್‌ನ ಮುಖಪುಟದಲ್ಲಿ ಪದಸೂಚಿ ಇದೆ, ಪದಕೋಶ ಇದೆ, ಪೂರ್ತಿ ಪರಿವಿಡಿ ಇದೆ. ಇವು ಯಂತ್ರ ಸುಮ್ನೆ ಪಟ್ಟಿ ಮಾಡಿದ ಪದಗಳಲ್ಲ. ಬರೆದವರೇ ಕೂತು, ಓದುಗರು ಇದನ್ನು ಹುಡುಕಬಹುದು ಅಂತ ಗುರುತು ಹಾಕಿ ಸೇರಿಸಿದ ಹೆಸರುಗಳೂ ಆ ಪದಸೂಚಿಯಲ್ಲಿ ಇವೆ. ಅದರಲ್ಲಿ ‘ಆರ್’ ಅಕ್ಷರಕ್ಕೆ ಹೋಗಿ ರಿಮೂವ್‌ನಿಂದ ಶುರುವಾಗುವ ಹೆಸರುಗಳ ಮೇಲೆ ಕಣ್ಣಾಡಿಸಿದ್ದರೆ ನಮ್ಮ ಹುಡುಗಿಗೆ ಬೇಕಾದ್ದು ಅಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಚಿಹ್ನೆಗಳನ್ನು ಹುಡುಕುವಾಗಲಂತೂ ಪದಸೂಚಿಯೇ ದಾರಿ. ಯಾರದೋ ಕೋಡಿನಲ್ಲಿ := ಅನ್ನುವ ಗುರುತು ಕಂಡಿತು ಅಂದುಕೊಳ್ಳಿ. ಸರ್ಚ್ ಬಾಕ್ಸಿನಲ್ಲಿ ಹಾಕಿದರೆ ಏನೂ ಬರುವುದಿಲ್ಲ. ಸರ್ಚ್ ಅಕ್ಷರ, ಅಂಕಿಗಳನ್ನು ಮಾತ್ರ ಪದ ಅಂತ ಎಣಿಸುತ್ತದೆ, ಚಿಹ್ನೆಗಳನ್ನು ಉದುರಿಸಿಬಿಡುತ್ತದೆ. ಆದರೆ ಪದಸೂಚಿಯಲ್ಲಿ ಅಕ್ಷರಗಳಿಗೂ ಮುಂಚೆ ಚಿಹ್ನೆಗಳಿಗೆಂದೇ ಒಂದು ಭಾಗ ಇದೆ. ಅಲ್ಲಿ ನೋಡಿದರೆ ಇದರ ಹೆಸರು ಅಸೈನ್‌ಮೆಂಟ್ ಎಕ್ಸ್‌ಪ್ರೆಶನ್ ಅಂತ ಗೊತ್ತಾಗುತ್ತದೆ. ಪೈಥಾನ್ 3.8ರಲ್ಲಿ ಬಂದದ್ದು. ವಾಲ್‌ರಸ್ ಅನ್ನುವ ಅಡ್ಡಹೆಸರೂ ಇದೆ. ಹೆಸರು ಗೊತ್ತಾದ ಮೇಲೆ ಎಲ್ಲಿ ಬೇಕಾದರೂ ಹುಡುಕಬಹುದು. ಜಾವಾಸ್ಕ್ರಿಪ್ಟ್ ಭಾಷೆಯ ?. ಗುರುತಿಗೆ ಆಪ್ಷನಲ್ ಚೈನಿಂಗ್ ಅಂತಲೂ ?? ಗುರುತಿಗೆ ನಲ್ಲಿಶ್ ಕೊಅಲೆಸಿಂಗ್ ಅಂತಲೂ ಹೆಸರು. ಯಾರಾದರೂ ಹೇಳಿಕೊಡದೆ ಈ ಹೆಸರು ತಾನಾಗಿ ಹೊಳೆಯುವುದು ಕಷ್ಟ. ಕೇಳುವುದಕ್ಕೆ ನಾಚಿಕೆ ಪಡಬೇಡಿ.

ಏನು ಹುಡುಕಬೇಕು ಅಂತಲೇ ಗೊತ್ತಿಲ್ಲದಿದ್ದರೆ ಟ್ಯುಟೋರಿಯಲ್ ಭಾಗ ಓದಿ. ಲಿಸ್ಟ್‌ನಿಂದ ತೆಗೆಯುವ ಬಗೆಗಳು ಪೈಥಾನ್ ಟ್ಯುಟೋರಿಯಲ್‌ನ 5ನೇ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲೇ ಇವೆ. ಒಂದು ಬೇಕಾದಾಗ ಹೋಗಿ ನೋಡಿದರೆ ಪಕ್ಕದ ಮೂರರ ಪರಿಚಯವೂ ಆಗುತ್ತದೆ. ಸರ್ಚ್‌ನಲ್ಲಿ ಈ ಲಾಭ ಇಲ್ಲ. ಡಾಕ್ಸ್‌ನಲ್ಲಿ ನಾಲ್ಕು ಬಗೆಯ ಬರಹ ಇರುತ್ತದೆ ಅಂತ ಡ್ಯಾನಿಯೆಲೆ ಪ್ರೊಚಿಡಾ ಎಂಬುವವರು ವಿಂಗಡಿಸಿದ್ದಾರೆ. ಕೈಹಿಡಿದು ಕಲಿಸುವುದು, ಒಂದು ಕೆಲಸ ಮಾಡಿ ಮುಗಿಸುವ ದಾರಿ ಹೇಳುವುದು, ನಿಖರ ವಿವರ ಕೊಡುವುದು, ಯಾಕೆ ಹೀಗೆ ಅಂತ ತಿಳಿಹೇಳುವುದು. ನಿಮಗೆ ಬೇಕಾದ್ದು ಯಾವ ಬಗೆಯದು ಅಂತ ಗೊತ್ತಿದ್ದರೆ ಫಲಿತಾಂಶದ ಪಟ್ಟಿಯಲ್ಲಿ ಯಾವುದನ್ನು ಒತ್ತಬೇಕು ಅನ್ನುವುದು ಬೇಗ ತಿಳಿಯುತ್ತದೆ.

ಸಿಕ್ಕಿದ ಮೇಲೆ ಪೂರ್ತಿ ಓದಿ

ಫೋನ್ ನಂಬರಿನ ಕಥೆಗೆ ವಾಪಸ್ ಬರುತ್ತೇನೆ. ಹುಡುಕುವಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಅದರಲ್ಲಿದೆ.

ಎಲ್‌ಸ್ಟ್ರಿಪ್‌ಗೆ +91 ಕೊಟ್ಟರೆ ಅದು ಅದನ್ನು ಒಂದೇ ತುಂಡು ಅಂತ ನೋಡುವುದಿಲ್ಲ. +, 9, 1 ಅನ್ನುವ ಮೂರು ಗುರುತುಗಳ ಗುಂಪು ಅಂತ ನೋಡುತ್ತದೆ. ಎಡಗಡೆಯಿಂದ ಶುರುಮಾಡಿ, ಆ ಗುಂಪಿಗೆ ಸೇರಿದ್ದು ಸಿಗುತ್ತಾ ಹೋದಷ್ಟೂ ಒಂದೊಂದಾಗಿ ಕಿತ್ತುಹಾಕುತ್ತದೆ. ಗುಂಪಿನಲ್ಲಿ ಇಲ್ಲದ್ದು ಬಂದಾಗ ನಿಲ್ಲುತ್ತದೆ. +91990 ಅಂತ ಶುರುವಾಗುವ ನಂಬರ್ ತೆಗೆದುಕೊಳ್ಳಿ. + ಹೋಯಿತು, 9 ಹೋಯಿತು, 1 ಹೋಯಿತು. ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ನಂಬರಿನದೇ ಆದ 9, ಇನ್ನೊಂದು 9 ಕೂಡ ಹೋದವು. 0 ಬಂದಾಗ ನಿಂತಿತು. ಹತ್ತು ಅಂಕಿ ಇರಬೇಕಾದ ಕಡೆ ಎಂಟು. ನಂಬರ್ 8ರಿಂದ ಶುರುವಾಗಿದ್ದರೆ 1 ಆದ ಮೇಲೆ ತಕ್ಷಣ 8 ಸಿಗುತ್ತದೆ, ಅಲ್ಲೇ ನಿಲ್ಲುತ್ತದೆ, ಎಲ್ಲ ಸರಿ. ಪರೀಕ್ಷೆಗೆ ಅವಳು ತನ್ನದೇ ನಂಬರ್ ಬಳಸಿದ್ದಳು. ಅದು 8ರಿಂದ ಶುರುವಾಗುವುದು. ಹಾಗಾಗಿ ತಪ್ಪು ಕಾಣಿಸಲೇ ಇಲ್ಲ.

ಎಲ್‌ಸ್ಟ್ರಿಪ್‌ನ ವಿವರಣೆಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಕೊಟ್ಟದ್ದು ಪ್ರಿಫಿಕ್ಸ್ ಅಲ್ಲ, ಅಕ್ಷರಗಳ ಗುಂಪು ಅಂತ. ಅದರ ಕೆಳಗೇ, ಒಂದೇ ಪ್ರಿಫಿಕ್ಸ್ ತೆಗೆಯಬೇಕಿದ್ದರೆ ರಿಮೂವ್‌ಪ್ರಿಫಿಕ್ಸ್ ನೋಡಿ ಅಂತ ಕೊಂಡಿಯೂ ಇದೆ. ಎರಡನ್ನೂ ಹೋಲಿಸುವ ಉದಾಹರಣೆಯೂ ಇದೆ. ಈ ತೊಡಕಿಗೆ ಎಷ್ಟು ಜನ ಸಿಕ್ಕಿಕೊಂಡಿರಬೇಕು, ಅದನ್ನು ನೋಡಿ ಯಾರೋ ಕಾಳಜಿಯಿಂದ ಆ ಸಾಲು ಸೇರಿಸಿದ್ದಾರೆ. ಡಾಕ್ಸ್ ಓದುವಾಗ ಇಂಥ ಸಾಲುಗಳನ್ನು ಕಂಡರೆ ನನಗೆ ಬರೆದವರ ಮೇಲೆ ಪ್ರೀತಿ ಉಕ್ಕುತ್ತದೆ. ‘ಇದನ್ನೂ ನೋಡಿ’ ಅಂತ ಇರುವ ಜಾಗಗಳನ್ನು ದಯವಿಟ್ಟು ಬಿಟ್ಟು ಹೋಗಬೇಡಿ. ನೀವು ತಪ್ಪು ಪುಟಕ್ಕೆ ಬಂದಿದ್ದರೆ ಸರಿಯಾದ ಪುಟಕ್ಕೆ ಕರೆದುಕೊಂಡು ಹೋಗುವುದು ಅದೇ.

ರಿಮೂವ್‌ಪ್ರಿಫಿಕ್ಸ್‌ನ ಕೆಳಗೆ ಇನ್ನೊಂದು ಚಿಕ್ಕ ಸಾಲು ಇದೆ. 3.9ನೇ ಆವೃತ್ತಿಯಲ್ಲಿ ಸೇರಿಸಿದ್ದು ಅಂತ. 2020ರ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿ ಅದು. ನಿಮ್ಮ ಸರ್ವರಿನಲ್ಲಿ 3.8 ಇದ್ದರೆ ಈ ಫಂಕ್ಷನ್ ಅಲ್ಲಿ ಇಲ್ಲವೇ ಇಲ್ಲ. ಡಾಕ್ಸ್ ಸರಿ, ನಿಮ್ಮ ಕೋಡೂ ಸರಿ, ಆದರೂ ಎರರ್. ಇಂಥ ಕಡೆ ತಾಸುಗಟ್ಟಲೆ ಕೂತು ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ಪುಟದ ಮೇಲ್ಭಾಗದಲ್ಲಿ ಆವೃತ್ತಿ ಆರಿಸುವ ಜಾಗ ಇರುತ್ತದೆ. ಓದುವ ಮೊದಲು ಅಲ್ಲಿ ನಿಮ್ಮ ಆವೃತ್ತಿ ಹಾಕಿಕೊಳ್ಳಿ. ಗೂಗಲ್ ಮೂಲಕ ಬಂದರೆ ಇದು ಇನ್ನೂ ಮುಖ್ಯ, ಹತ್ತು ವರ್ಷ ಹಳೆಯ ಆವೃತ್ತಿಯ ಪುಟಕ್ಕೂ ಅದು ಕರೆದುಕೊಂಡು ಹೋಗಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡಾಕ್ಸ್‌ನಲ್ಲಿ ಈ ಏರ್ಪಾಡು ತುಂಬಾ ಚೆನ್ನಾಗಿದೆ. ಪ್ರತಿ ಪುಟದ ತಲೆಯ ಮೇಲೂ ಅದೇ ಪುಟದ ಬೇರೆ ಬೇರೆ ಆವೃತ್ತಿಗಳ ಕೊಂಡಿಗಳಿವೆ, ಈಗ ಬೆಂಬಲ ನಿಂತುಹೋದ ಹಳೆಯವೂ ಸಿಗುತ್ತವೆ.

ಎರರ್ ಬಂದಾಗ

ಎರರ್ ಸಂದೇಶ ಅಂದರೆ ಸಾಫ್ಟ್‌ವೇರ್ ತಾನಾಗಿಯೇ ಕೈಗೆ ಕೊಡುವ ಹುಡುಕುಪದ. ಆದರೆ ಅದನ್ನು ಹಾಗೇ ಕಾಪಿ ಮಾಡಿ ಹಾಕಿದರೆ ಸಿಗುವುದಿಲ್ಲ. ಅದರಲ್ಲಿ ಎರಡು ಭಾಗ ಇರುತ್ತದೆ. ಸಾಫ್ಟ್‌ವೇರ್ ಬರೆದವರ ಮಾತು ಒಂದು, ನಿಮ್ಮ ಟೇಬಲ್, ನಿಮ್ಮ ಫೈಲ್, ನಿಮ್ಮ ಕಾಲಮ್ ಹೆಸರು ಇನ್ನೊಂದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಇಮೇಲ್ ಎರಡು ಸಲ ಸೇರಿಸಲು ಹೋದರೆ ‘ಡೂಪ್ಲಿಕೇಟ್ ಕೀ ವ್ಯಾಲ್ಯೂ ವಯೊಲೇಟ್ಸ್ ಯೂನಿಕ್ ಕನ್‌ಸ್ಟ್ರೇಂಟ್’ ಅಂತ ಬಂದು, ಅದರ ಮುಂದೆ ನಿಮ್ಮ ಕನ್‌ಸ್ಟ್ರೇಂಟಿನ (ಡೇಟಾಕ್ಕೆ ನೀವು ಹಾಕಿದ ಕಟ್ಟುಪಾಡಿನ) ಹೆಸರು ಬರುತ್ತದೆ. ಆ ಹೆಸರು ಪ್ರಪಂಚದ ಯಾವ ಪುಟದಲ್ಲೂ ಇರಲಾರದು. ಅದನ್ನು ಅಳಿಸಿ, ಮೊದಲ ಭಾಗ ಮಾತ್ರ ಇಟ್ಟುಕೊಳ್ಳಿ.

ಇದಕ್ಕಿಂತ ಒಳ್ಳೆಯದು ಕೋಡ್ ಸಂಖ್ಯೆ. ಪೋಸ್ಟ್‌ಗ್ರೆಸ್‌ನ ಪ್ರತಿ ಎರರಿಗೂ ಐದು ಅಕ್ಷರದ ಒಂದು ಕೋಡ್ ಇದೆ. ಮೇಲಿನ ಎರರಿನದು 23505. ಸಂದೇಶದ ಮಾತು ಬದಲಾಗಬಹುದು, ಬೇರೆ ಭಾಷೆಯಲ್ಲೂ ಬರಬಹುದು, ಕೋಡ್ ಮಾತ್ರ ಅದೇ. ಇದು ನಮ್ಮ ಪಿನ್‌ಕೋಡ್ ಇದ್ದ ಹಾಗೆ. 56ರಿಂದ 59ರವರೆಗೆ ಯಾವುದಾದರೂ ಮುಂದೆ ಇದ್ದರೆ ಕರ್ನಾಟಕದ ಊರು ಅಂತ ಅಂಚೆಯವರಿಗೆ ತಿಳಿಯುತ್ತದೆ. ಇಲ್ಲೂ ಮೊದಲ ಎರಡು ಅಕ್ಷರ ಗುಂಪನ್ನು ಹೇಳುತ್ತವೆ. 23 ಅಂದರೆ ಡೇಟಾಕ್ಕೆ ಹಾಕಿದ ಕಟ್ಟುಪಾಡು ಮುರಿದಿದೆ. 08 ಅಂದರೆ ಸಂಪರ್ಕದ ತೊಂದರೆ. 42 ಅಂದರೆ ಬರೆದ ವಾಕ್ಯದಲ್ಲಿ ತಪ್ಪಿದೆ ಅಥವಾ ಅನುಮತಿ ಇಲ್ಲ. ಪೂರ್ತಿ ಪಟ್ಟಿ ಡಾಕ್ಸ್‌ನ ಮೊದಲ ಅನುಬಂಧದಲ್ಲಿದೆ. ಅದನ್ನು ಒಂದು ಸಲ ತೆರೆದು ಮೇಲಿಂದ ಕೆಳಗೆ ನೋಡಿ. ಓದಿ ನೆನಪಿಡಬೇಕಾಗಿಲ್ಲ, ಇಂಥದ್ದೊಂದು ಇದೆ ಅಂತ ಗೊತ್ತಿದ್ದರೆ ಸಾಕು.

ಗೂಗಲ್ ಬಳಸಬಾರದೇ ಅಂತ ಕೇಳುವವರಿದ್ದಾರೆ. ಖಂಡಿತ ಬಳಸಿ. ನಿಮ್ಮ ‘ಮೊದಲ ಭಾಗ’ ಅಂದರೆ ‘ಪ್ರಿಫಿಕ್ಸ್’ ಅಂತ ಊಹಿಸುವ ಶಕ್ತಿ ಅದಕ್ಕಿದೆ. ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಸ್ಪೇಸ್ ಬಿಡದೆ ಡಾಕ್ಸ್‌ನ ವಿಳಾಸ ಕೊಟ್ಟರೆ ಆ ಒಂದು ತಾಣದ ಒಳಗೆ ಮಾತ್ರ ಹುಡುಕುತ್ತದೆ. ಅಲ್ಲಿ ಉದ್ಧರಣ ಚಿಹ್ನೆಯೂ ಕೆಲಸ ಮಾಡುತ್ತದೆ. ಎಐ ಚಾಟ್‌ಗಳನ್ನೂ ನಾನು ಈ ಒಂದು ಕೆಲಸಕ್ಕೆ ಮನಸಾರೆ ಒಪ್ಪುತ್ತೇನೆ. ಕನ್ನಡದಲ್ಲೇ ಕೇಳಿ: ನಾನು ಹೀಗೆ ಮಾಡಬೇಕು, ಇದಕ್ಕೆ ಪೈಥಾನ್‌ನಲ್ಲಿ ಏನಂತಾರೆ? ಅದು ಹೇಳಿದ ಹೆಸರನ್ನು ಹಿಡಿದುಕೊಂಡು ಡಾಕ್ಸ್‌ಗೆ ಬನ್ನಿ. ಅದು ಇಲ್ಲದ ಫಂಕ್ಷನ್ನಿನ ಹೆಸರನ್ನೂ ಇದೆ ಅನ್ನುವ ಧಾಟಿಯಲ್ಲೇ ಹೇಳಬಹುದು. ಪದಸೂಚಿಯಲ್ಲಿ ಆ ಹೆಸರು ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ ಹತ್ತು ಸೆಕೆಂಡು ಸಾಕು.

ನೆಟ್ ಇಲ್ಲದ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್ 3ರಂದು. ಆ ಪರಂಪರೆ ಇಂದಿಗೂ ಲಿನಕ್ಸ್‌ನಲ್ಲಿ ಮ್ಯಾನ್ ಅನ್ನುವ ಕಮಾಂಡಿನ ರೂಪದಲ್ಲಿದೆ. ಕಮಾಂಡಿನ ಹೆಸರು ಗೊತ್ತಿಲ್ಲದಿದ್ದರೆ ಮ್ಯಾನ್ ಜೊತೆ -ಕೆ (man -k) ಸೇರಿಸಿ ಒಂದು ಪದ ಕೊಡಿ. ಹೆಸರಿನಲ್ಲಿ ಅಥವಾ ಒಂದು ಸಾಲಿನ ಪರಿಚಯದಲ್ಲಿ ಆ ಪದ ಇರುವ ಕಮಾಂಡುಗಳೆಲ್ಲ ಬರುತ್ತವೆ. ಪೈಥಾನ್ ವಿವರಣೆಗಳನ್ನು ತೋರಿಸುವ ಪೈಡಾಕ್ ಅನ್ನುವ ಸಾಧನಕ್ಕೂ ಇದೇ -ಕೆ ಇದೆ.

ಎಲ್ಲ ಮಾಡಿದರೂ ಒಮ್ಮೊಮ್ಮೆ ಪದ ಸಿಗುವುದಿಲ್ಲ. ಆಮೇಲೆ ಯಾರೋ ಹೇಳಿ ಗೊತ್ತಾಗುತ್ತದೆ. ಆಗ ನಮ್ಮ ಹುಡುಗಿ ಏನು ಮಾಡುತ್ತಾಳೆ ಅಂತ ಹೇಳುತ್ತೇನೆ. ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಎಡಗಡೆ ತಾನು ಮೊದಲು ಹುಡುಕಿದ ಪದ, ಬಲಗಡೆ ಡಾಕ್ಸ್‌ನಲ್ಲಿದ್ದ ಪದ. ಮೊದಲ ಸಾಲು: ಮುಂದಿನದು ತೆಗೆ, ರಿಮೂವ್‌ಪ್ರಿಫಿಕ್ಸ್. ಈಗ ಆರು ಪುಟ ತುಂಬಿದೆ. ತಂಡಕ್ಕೆ ಹೊಸಬರು ಬಂದರೆ ಅದನ್ನು ಕೇಳಿ ಪಡೆದು ಫೋಟೋ ತೆಗೆದುಕೊಳ್ಳುತ್ತಾರೆ.

ಫರ್ನಾಸ್ ಮತ್ತು ಸಂಗಡಿಗರು 1987ರಲ್ಲಿ ಸೂಚಿಸಿದ ಪರಿಹಾರವೂ ಇದೇ ದಾರಿಯದು. ಸರಿಯಾದ ಹೆಸರು ಒಂದೇ ಇರಲಿ ಅಂತ ಹಠ ಬೇಡ, ಜನ ಬಳಸುವ ಹೆಸರುಗಳನ್ನೆಲ್ಲ ಸೇರಿಸಿ, ಎಲ್ಲವೂ ಅದೇ ಜಾಗಕ್ಕೆ ಕರೆದುಕೊಂಡು ಹೋಗಲಿ ಅಂತ. ಡಾಕ್ಸ್‌ನಲ್ಲಿ ಇದನ್ನು ನಾವೂ ಮಾಡಬಹುದು. ಪೈಥಾನ್ ಡಾಕ್ಸ್‌ನಲ್ಲಿ ತಪ್ಪು ತಿಳಿಸುವ ಕೊಂಡಿ ಇದೆ, ಪೋಸ್ಟ್‌ಗ್ರೆಸ್‌ನ ಪುಟಗಳ ಕೊನೆಯಲ್ಲೂ ಇದೆ. ನಾನು ಈ ಪದದಿಂದ ಹುಡುಕಿದೆ, ಸಿಗಲಿಲ್ಲ, ಪದಸೂಚಿಯಲ್ಲಿ ಸೇರಿಸಬಹುದೇ ಅಂತ ಎರಡು ಸಾಲು ಬರೆದರೆ ಸಾಕು. ಸ್ಫಿಂಕ್ಸ್‌ನಲ್ಲಿ ಪದಸೂಚಿಗೆ ಒಂದು ಹೆಸರು ಸೇರಿಸುವುದು ಬರೆಯುವವರಿಗೆ ಒಂದು ಸಾಲಿನ ಕೆಲಸ. ಹೋದ ವಾರ ಅವಳು ಅಂಥದ್ದೊಂದು ಬರೆದಳು. ಇಂಗ್ಲಿಷ್ ಸರಿ ಇದೆಯಾ ನೋಡಿ ಅಕ್ಕಾ ಅಂತ ತೋರಿಸಿದಳು. ಎರಡೇ ಸಾಲು, ನೇರವಾಗಿತ್ತು. ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ.